ಕಿವುಡರ ಚದುರಂಗ ತಂಡ ಪಂದ್ಯ

ಕಿವುಡರ ಚದುರಂಗವು ಶ್ರವಣದೋಷವುಳ್ಳ ಆಟಗಾರರ ಸಂಘಗಳು ನಡೆಸುವ ಚದುರಂಗವಾಗಿದೆ. ಆಟದ ನಿಯಮಗಳು ಎಲ್ಲರಿಗೂ ಇರುವವೇ. ಮಾತು ಬರುವ ಕಡೆ ಮಾತ್ರ ಬೇರೆ ಏರ್ಪಾಡು ಬೇಕಾಗುತ್ತದೆ. ಇದರ ಅಂತರರಾಷ್ಟ್ರೀಯ ಸಮಿತಿಯು 1949ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ಥಾಪನೆಯಾಯಿತು. 2019ರಲ್ಲಿ ಇಟಲಿಯಲ್ಲಿ ನಡೆದ ಚಳಿಗಾಲದ ಡೆಫ್ಲಿಂಪಿಕ್ಸ್‌ನಲ್ಲಿ ಚದುರಂಗವನ್ನು ಮೊದಲ ಬಾರಿಗೆ ಸೇರಿಸಲಾಯಿತು.

ಲೀಗ್ ಪಂದ್ಯದ ಸ್ವರೂಪ

ಸ್ಥಳೀಯ ಲೀಗ್‌ನಲ್ಲಿ ಕಿವುಡರ ಸಂಘದ ತಂಡವು ಕಿವಿ ಕೇಳುವವರ ತಂಡಗಳ ಎದುರೂ ಆಡಬೇಕಾಗುತ್ತದೆ. ಪ್ರತಿ ಹಲಗೆಯಲ್ಲಿ ಗೆಲುವಿಗೆ 1, ಡ್ರಾಗೆ ½ ಅಂಕ; ಇವುಗಳ ಮೊತ್ತವೇ ತಂಡದ ಫಲಿತಾಂಶ. ಆದ್ದರಿಂದ ಒಂದೇ ಹಲಗೆಯ ತಪ್ಪು ತಿಳಿವಳಿಕೆಯಿಂದ ಇಡೀ ಪಂದ್ಯ ಕೈತಪ್ಪಬಹುದು.

ತೊಡಕು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ ಹುಟ್ಟುತ್ತದೆ. ಮುಟ್ಟಿದ ಕಾಯನ್ನು ನಡೆಸಲೇಬೇಕೆಂಬುದು ನಿಯಮ; ಕಾಯನ್ನು ಕೇವಲ ಸರಿಪಡಿಸುವುದಾದರೆ ಮೊದಲೇ ತಿಳಿಸಬೇಕು. ಬಾಯಲ್ಲಿ ಹೇಳಿದ್ದು ಎದುರಾಳಿಗೆ ತಲುಪದಿದ್ದರೆ ಜಗಳ ಖಚಿತ. ಹೀಗಾಗಿ ಆಟಕ್ಕೆ ಮುನ್ನವೇ ಒಂದು ಸನ್ನೆಯನ್ನು ಒಪ್ಪಿಕೊಳ್ಳುವುದು ಲೇಸು. ಇನ್ನೊಂದು, ಡ್ರಾ ಪ್ರಸ್ತಾವ. ನಡೆ ಮುಗಿಸಿ, ಗಡಿಯಾರ ಒತ್ತುವ ಮೊದಲು ಇದನ್ನು ಮುಂದಿಡಬೇಕು; ಇಬ್ಬರೂ ತಮ್ಮ ನಡೆಹಾಳೆಯಲ್ಲಿ (=) ಎಂದು ಗುರುತಿಸಬೇಕು. ಎಲ್ಲರಿಗೂ ಅನ್ವಯಿಸುವ ಈ ಚಿಹ್ನೆಯು ಕಿವುಡ ಆಟಗಾರನಿಗೆ ವಾದ ಬಂದಾಗ ಬರಹದ ಸಾಕ್ಷಿಯಾಗುತ್ತದೆ.

ಸನ್ನೆ ಮತ್ತು ಸಂಶಯ

ಕಿವುಡರ ತಂಡವಿರುವ ಕೋಣೆ ನಿಶ್ಶಬ್ದವಾಗಿರಬಹುದು, ಆದರೆ ಮಾತಿಲ್ಲದ್ದಲ್ಲ. ಸನ್ನೆಭಾಷೆ ದೂರದಿಂದಲೂ ಕಾಣುವುದರಿಂದ, ಅದನ್ನು ಅರಿಯದ ಎದುರಾಳಿಗೆ ಕುಶಲ ಪ್ರಶ್ನೆಯೂ ಸಲಹೆಯಂತೆ ತೋರಬಹುದು. ಆಟದ ನಡುವೆ ಸಲಹೆ ಪಡೆಯುವುದು ಪಿಸುಮಾತಿನಲ್ಲಾದರೂ ಸನ್ನೆಯಲ್ಲಾದರೂ ನಿಷಿದ್ಧವೇ. ಶ್ರವಣ ಸಾಧನವೂ ವಿದ್ಯುನ್ಮಾನ ಉಪಕರಣವಾದ್ದರಿಂದ ಅದಕ್ಕೆ ತೀರ್ಪುಗಾರರ ಅನುಮತಿಯನ್ನು ಮೊದಲೇ ಪಡೆದಿರಬೇಕು.