ಇಸವಿ ಇಲ್ಲದ ಜಾಹೀರಾತಿನ ವಯಸ್ಸು

ಕೆಜಿಎಫ್, ಬಂಗಾರಪೇಟೆಯ ಹಳೆಯ ಬಿಲ್ಲು, ಕರಪತ್ರ, ಜಾಹೀರಾತು ಕಾರ್ಡುಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಊರಿನ ಹೆಸರನ್ನು ಮೊದಲು ನೋಡಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನ ‘ಬೌರಿಂಗ್‌ಪೇಟೆ’ಯೇ ಇಂದಿನ ಬಂಗಾರಪೇಟೆ. ಕೆಜಿಎಫ್‌ನ ಚಿನ್ನದ ಗಣಿಗಳನ್ನು ನಡೆಸುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್ ಎಂದಿದ್ದರೆ, 1956ರಲ್ಲಿ ಅವು ಸರ್ಕಾರದ ವಶವಾಗುವ ಮುಂಚಿನದು.

ಬೆಲೆಯಷ್ಟು ಒಳ್ಳೆಯ ಸುಳಿವು ಬೇರೆ ಸಿಗುವುದು ಕಷ್ಟ. ‘ನಯಾ ಪೈಸೆ’ ಎಂಬ ಹೆಸರು ಅಧಿಕೃತವಾಗಿ ಬಳಕೆಯಲ್ಲಿದ್ದದ್ದು 1957ರಿಂದ 1964ರವರೆಗೆ ಮಾತ್ರ. ವಿಳಾಸವನ್ನೂ ನೋಡಿ: ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ‘ಮೈಸೂರು ರಾಜ್ಯ’ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಪಿನ್‌ಕೋಡ್, ‘ಮೈಸೂರು ರಾಜ್ಯ’ ಎರಡೂ ಒಂದೇ ವಿಳಾಸದಲ್ಲಿದ್ದರೆ ಆ ಕಾಗದ ಬಹುಶಃ ಈ ಹದಿನಾಲ್ಕೂವರೆ ತಿಂಗಳಿನದು. ಮುದ್ರಣಾಲಯಗಳು ಹಳೆಯ ಬ್ಲಾಕನ್ನೇ ಮತ್ತೆ ಬಳಸುತ್ತಿದ್ದುದರಿಂದ, ಸುಳಿವುಗಳು ತಾಳೆಯಾಗದಿದ್ದರೆ ಈಚಿನದನ್ನೇ ನೆಚ್ಚಬೇಕು.