ಆರಿಸುವವರು ಯಾರು, ಬಡಿಸುವವರು ಯಾರು

ಮನುಷ್ಯನ ಮನಸ್ಸಿನ ತೃಪ್ತಿಯನ್ನು ಅಳೆಯುವ ಪೇಚಿನಿಂದ ಅರ್ಥಶಾಸ್ತ್ರವನ್ನು ಬಿಡಿಸಲು ಪಾಲ್ ಸ್ಯಾಮ್ಯುಯೆಲ್‌ಸನ್ 1938ರಲ್ಲಿ ಒಂದು ದಾರಿ ಹುಡುಕಿದರು. ಮನಸ್ಸನ್ನು ಬಗೆದು ನೋಡುವುದು ಬೇಡ. ಕೈಗೆಟಕುವಂತಿದ್ದ ಉಳಿದವನ್ನು ಬಿಟ್ಟು ಒಬ್ಬರು ಏನನ್ನು ಕೊಂಡರು ಎಂದು ನೋಡಿದರೆ ಸಾಕು, ಅವರ ಒಲವು ಅದರಲ್ಲೇ ಕಾಣುತ್ತದೆ ಎಂದರು. ಆಯ್ಕೆಯ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆದದ್ದು ಬಹುಮಟ್ಟಿಗೆ ಈ ನಂಬಿಕೆಯ ಮೇಲೆ. ಅದರ ಮುಂದಿನ ಚರಿತ್ರೆಯನ್ನು ಈ ನಂಬಿಕೆ ಹಂತಹಂತವಾಗಿ ಸಡಿಲಗೊಂಡ ಕಥೆಯಾಗಿ ನಾನು ಓದುತ್ತೇನೆ.

ಒಬ್ಬರ ಆಯ್ಕೆಯಿಂದ ಹಲವರ ಆಯ್ಕೆಗೆ ಬಂದಾಗಿನ ತೊಡಕು ಇದಕ್ಕಿಂತ ಹಳೆಯದು. ಫ್ರಾನ್ಸಿನ ಕಾಂಡೋರ್ಸೆ ಅದನ್ನು 1785ರಲ್ಲೇ ಕಂಡಿದ್ದ. ಮೂವರು ಮತದಾರರು ಕ, ಖ, ಗ ಎಂಬ ಅಭ್ಯರ್ಥಿಗಳನ್ನು ಕ-ಖ-ಗ, ಖ-ಗ-ಕ, ಗ-ಕ-ಖ ಎಂಬ ಕ್ರಮದಲ್ಲಿ ಮೆಚ್ಚುತ್ತಾರೆ ಎನ್ನೋಣ. ಬಹುಮತದಲ್ಲಿ ಖನನ್ನು ಕ ಸೋಲಿಸುತ್ತಾನೆ, ಗನನ್ನು ಖ ಸೋಲಿಸುತ್ತಾನೆ, ಕನನ್ನು ಗ ಸೋಲಿಸುತ್ತಾನೆ! ಒಬ್ಬೊಬ್ಬರ ಮನಸ್ಸೂ ಸ್ಪಷ್ಟ, ಊರಿನ ಮನಸ್ಸು ಮಾತ್ರ ಸುತ್ತುತ್ತಲೇ ಇರುತ್ತದೆ. ಇದು ಯಾವುದೋ ಒಂದು ಮತಪದ್ಧತಿಯ ಕುಂದಲ್ಲ ಎಂಬುದನ್ನು 1951ರಲ್ಲಿ ಕೆನ್ನೆತ್ ಆರೋ ಗಣಿತದಿಂದ ಸಾಧಿಸಿದರು: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಎಲ್ಲರ ಇಷ್ಟಗಳ ಕ್ರಮವನ್ನು ಒಗ್ಗೂಡಿಸುವ ಯಾವ ನಿಯಮವೂ ನ್ಯಾಯವೆನಿಸುವ ಕೆಲವೇ ಷರತ್ತುಗಳನ್ನು ಒಟ್ಟಿಗೆ ಪೂರೈಸಲಾರದು.

ಒಬ್ಬೊಬ್ಬರ ಮನಸ್ಸಾದರೂ ಸ್ಪಷ್ಟವೇ? ಹರ್ಬರ್ಟ್ ಸೈಮನ್ 1955ರಲ್ಲಿ ಅದನ್ನೂ ಪ್ರಶ್ನಿಸಿದರು. ನಮಗಿರುವ ಸಮಯ, ತಿಳಿವಳಿಕೆ ಎರಡೂ ಕಡಿಮೆ. ಅತ್ಯುತ್ತಮವಾದದ್ದನ್ನು ಹುಡುಕುತ್ತ ಕೂರದೆ, ಸಾಕೆನಿಸಿದ್ದು ಸಿಕ್ಕಾಗ ನಿಲ್ಲುತ್ತೇವೆ ಎಂದರು. ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಆಳಕ್ಕಿಳಿಯಿತು. 600 ಜನರನ್ನು ಬಲಿ ತೆಗೆದುಕೊಳ್ಳಬಹುದಾದ ರೋಗವೊಂದಿದೆ. ಒಂದು ಕ್ರಮದಿಂದ 200 ಜನ ಖಚಿತವಾಗಿ ಉಳಿಯುತ್ತಾರೆ. ಇನ್ನೊಂದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲೊಂದು ಪಾಲು, ಯಾರೂ ಉಳಿಯದಿರುವ ಸಾಧ್ಯತೆ ಮೂರರಲ್ಲೆರಡು ಪಾಲು. ಶೇ. 72 ಮಂದಿ ಖಚಿತವಾದದ್ದನ್ನೇ ಆರಿಸಿದರು. ಅದೇ ಕ್ರಮವನ್ನು ‘400 ಜನ ಸಾಯುತ್ತಾರೆ’ ಎಂದು ಮತ್ತೊಂದು ಗುಂಪಿಗೆ ಹೇಳಿದಾಗ ಅದನ್ನು ಆರಿಸಿದವರು ಶೇ. 22 ಮಾತ್ರ. ಲೆಕ್ಕ ಒಂದೇ, ಬಡಿಸಿದ ರೀತಿ ಬೇರೆ. ನನಗೆ ಈ ಕ್ಷೇತ್ರದ ನಿಜವಾದ ತಿರುವು ಇಲ್ಲಿದೆ. ಆರಿಸುವವರನ್ನಷ್ಟೇ ನೋಡುತ್ತಿದ್ದ ಕಣ್ಣು ಬಡಿಸುವವರ ಕಡೆಗೂ ಹೊರಳಿತು.

ಆಮೇಲಿನ ಸಂಶೋಧನೆಗಳಲ್ಲಿ ಜನಪ್ರಿಯವಾದದ್ದು 2000ದ ಜಾಮ್ ಪ್ರಯೋಗ. 24 ಬಗೆಯ ಜಾಮ್ ಇಟ್ಟಾಗ ಕೊಂಡವರಿಗಿಂತ 6 ಬಗೆ ಇಟ್ಟಾಗ ಕೊಂಡವರೇ ಹೆಚ್ಚು. ಆದರೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಸೊನ್ನೆಯ ಆಸುಪಾಸಿಗೆ ಬಂತು. ಆಯ್ಕೆ ಹೆಚ್ಚಾದರೆ ಕಷ್ಟ ಎಂಬ ಮಾತನ್ನು ಇಂದಿಗೂ ಸಿದ್ಧಸತ್ಯವೆಂಬಂತೆ ಉದ್ಧರಿಸುವುದು ಸರಿಯಲ್ಲ.

ನನ್ನ ಮಟ್ಟಿಗೆ ಅದಕ್ಕಿಂತ ತೂಕದ ಮಾತು ಅಮರ್ತ್ಯ ಸೇನ್ ಅವರದು. ಉಪವಾಸವಿರುವವನ ಹೊಟ್ಟೆಯೂ ಹಸಿದವನ ಹೊಟ್ಟೆಯೂ ಒಂದೇ ರೀತಿ ಖಾಲಿ. ಆದರೆ ಮೊದಲನೆಯವನಿಗೆ ಉಣ್ಣುವ ದಾರಿಯಿತ್ತು, ಎರಡನೆಯವನಿಗೆ ಇರಲಿಲ್ಲ. ಆರಿಸಿದ್ದನ್ನಷ್ಟೇ ನೋಡುವ ಶಾಸ್ತ್ರಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ದೀರ್ಘಕಾಲ ಕೊರತೆಯಲ್ಲಿ ಬದುಕಿದವರು ತಮ್ಮ ಆಸೆಯನ್ನೇ ಕುಗ್ಗಿಸಿಕೊಳ್ಳುತ್ತಾರೆ, ಹಾಗಾಗಿ ಅವರ ಸಮಾಧಾನವನ್ನು ಸ್ವಾತಂತ್ರ್ಯದ ಗುರುತೆಂದು ಎಣಿಸಬಾರದು ಎಂದೂ ಸೇನ್ ಎಚ್ಚರಿಸಿದರು.

ಕಾನೂನಿನ ಅಂಗಳದಲ್ಲಿ ಆಯ್ಕೆಯ ಸ್ವಾತಂತ್ರ್ಯದ ಈ ಪ್ರಶ್ನೆ ಕನ್ನಡಿಗರಿಗೆ ತೀರ ಹತ್ತಿರದ್ದು. 1994ರ ಏಪ್ರಿಲ್ 29ರ ಆದೇಶದಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಶಿಕ್ಷಣ ಮಾಧ್ಯಮವಾಗಬೇಕೆಂದಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ಕೊನೆಗೆ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತಿತು. ಮಾತೃಭಾಷೆಯಲ್ಲಿ ಕಲಿತರೆ ಒಳಿತೆಂದು ಸರ್ಕಾರಕ್ಕೆ ಅನಿಸಿದ ಮಾತ್ರಕ್ಕೆ ಅದನ್ನು ಹೇರುವಂತಿಲ್ಲ ಎಂದೂ ಹೇಳಿತು.

ಸರ್ಕಾರದ ಹೇರಿಕೆಯನ್ನು ತಡೆದ ಮಟ್ಟಿಗೆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ಉನ್ನತ ಶಿಕ್ಷಣ, ಒಳ್ಳೆಯ ಸಂಬಳದ ಕೆಲಸಗಳೆಲ್ಲ ಇಂಗ್ಲಿಷನ್ನೇ ಕೇಳುತ್ತಿರುವಾಗ, ಕೂಲಿಯ ದುಡ್ಡಿನಲ್ಲಿ ಶುಲ್ಕ ಕಟ್ಟುವ ತಾಯಿಯ ಮುಂದೆ ನಿಜಕ್ಕೂ ಎರಡು ದಾರಿಗಳಿವೆಯೇ? 2019ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಪೋಷಕರ ಬೇಡಿಕೆ ಅದಕ್ಕೆ ದೊಡ್ಡ ಸಮರ್ಥನೆಯಾಗಿತ್ತು. ಆ ಬೇಡಿಕೆ ನಿಜ. ಅದನ್ನು ವ್ಯಾಮೋಹವೆಂದು ಹಳಿಯುವವರು ಬಡವರಿಗೆ ಅನ್ಯಾಯ ಮಾಡುತ್ತಾರೆ. ಆದರೆ ಸ್ಯಾಮ್ಯುಯೆಲ್‌ಸನ್ ಕಣ್ಣಿಗೆ ಒಲವಾಗಿ ಕಾಣುವುದು ಸೇನ್ ಕಣ್ಣಿಗೆ ಕೊರತೆಯಾಗಿಯೂ ಕಾಣಬಹುದು. ಕನ್ನಡದಲ್ಲಿ ಓದಿದ ಹುಡುಗಿಗೂ ಇಂಗ್ಲಿಷ್ ಭಾಷೆಯನ್ನು ಚೆನ್ನಾಗಿ ಕಲಿಸಿ, ವೈದ್ಯಕೀಯವೋ ಎಂಜಿನಿಯರಿಂಗೋ ಓದಲು ಬೇಕಾದ ಪುಸ್ತಕ, ಪರೀಕ್ಷೆ, ಉದ್ಯೋಗ ಕನ್ನಡದಲ್ಲೂ ದೊರೆಯುವಂತೆ ಮಾಡಿದ ಮೇಲೆ ಅದೇ ತಾಯಿ ಮಗುವನ್ನು ಯಾವ ಶಾಲೆಗೆ ಸೇರಿಸುತ್ತಾಳೆಂಬುದನ್ನು ನಾವು ಇನ್ನೂ ಪರೀಕ್ಷಿಸಿಯೇ ಇಲ್ಲ.