ಯುದ್ಧ ಬಿಟ್ಟುಹೋದ ಗಾಡಿಗಳು: ಡಿಸ್ಪೋಸಲ್ ಲಾರಿಗಳ ದುರಸ್ತಿಯ ಚರಿತ್ರೆ

ಎರಡನೇ ಮಹಾಯುದ್ಧದ ಸೇನಾ ವಾಹನಗಳ ಕಥನಗಳು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ಆರಂಭವಾಗಿ ರಣರಂಗದಲ್ಲಿ ಮುಗಿಯುತ್ತವೆ. ಆಮೇಲೆ ದಶಕಗಟ್ಟಲೆ ಅವನ್ನು ಓಡಿಸಿದವರು, ಕೆಟ್ಟು ನಿಂತಾಗ ಎಬ್ಬಿಸಿದವರು ಅಲ್ಲಿ ಕಾಣುವುದಿಲ್ಲ. ಕರ್ನಾಟಕದಲ್ಲಿ ಈ ಗಾಡಿಗಳ ಚರಿತ್ರೆ ಶುರುವಾಗುವುದೇ ಯುದ್ಧ ಮುಗಿದ ಮೇಲೆ, ಗ್ಯಾರೇಜಿನಲ್ಲಿ ಎಂಬುದು ಈ ಲೇಖನದ ವಾದ.

ಯುದ್ಧಕಾಲದ ಉತ್ಪಾದನೆ ಅಗಾಧವಾಗಿತ್ತು. ಅಮೆರಿಕದ ಜಿಎಂಸಿ ಸಿಸಿಕೆಡಬ್ಲ್ಯು ಎಂಬ ಎರಡೂವರೆ ಟನ್ನಿನ ಲಾರಿಯೊಂದೇ 5.6 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಕೆನಡಾ ಒಟ್ಟು 8 ಲಕ್ಷಕ್ಕೂ ಮಿಕ್ಕಿ ಸೇನಾ ವಾಹನಗಳನ್ನು ಕಟ್ಟಿತು. ಬರ್ಮಾ ರಂಗಕ್ಕೆ ನೆಲೆಯಾಗಿದ್ದ ಭಾರತದಲ್ಲಿ ಯುದ್ಧ ನಿಂತಾಗ ಇಂಥ ಗಾಡಿಗಳು ರಾಶಿಬಿದ್ದವು. ಅವುಗಳ ವಿಲೇವಾರಿಗೆಂದೇ ಸರ್ಕಾರದ ಇಲಾಖೆ ಇತ್ತು. ಹರಾಜಿನಲ್ಲಿ ಬಂದದ್ದೆಲ್ಲ ಜನರ ಬಾಯಲ್ಲಿ ‘ಡಿಸ್ಪೋಸಲ್ ಗಾಡಿ’ಯಾಯಿತು.

ಯುದ್ಧ ಬಿಟ್ಟುಹೋದದ್ದನ್ನು ದುರಸ್ತಿ ಮಾಡುವ ವಿದ್ಯೆ ಎಷ್ಟು ಎತ್ತರಕ್ಕೆ ಹೋಗಿತ್ತೆಂದು ತಿಳಿಯಲು ಲಾರಿಯನ್ನು ಬಿಟ್ಟು ವಿಮಾನದತ್ತ ಒಮ್ಮೆ ನೋಡಬೇಕು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಬ್ರಿಟಿಷರು ಹೊರಡುವ ಮುನ್ನ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಗುಜರಿಗೆ ಬಿಟ್ಟಿದ್ದರು. ಹಾರಿಸಿ ತರುವಷ್ಟು ಮಾತ್ರ ಅವನ್ನು ಅಲ್ಲಿ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ತಂದು ಪೂರ್ತಿ ರಿಪೇರಿ ಮಾಡಲಾಯಿತು. ಹೀಗೆ ಸುಮಾರು 40 ವಿಮಾನಗಳು ಮರುಜೀವ ಪಡೆದವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. 1968ರ ತನಕ ಲಿಬರೇಟರುಗಳು ಭಾರತದಲ್ಲಿ ಹಾರಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳಲ್ಲಿ ನಿಂತಿರುವ ಕೆಲವು ಲಿಬರೇಟರುಗಳು ಇಲ್ಲಿಂದ ಹೋದವು. ನನ್ನ ದೃಷ್ಟಿಯಲ್ಲಿ ಸ್ವತಂತ್ರ ಭಾರತದ ಮೊದಲ ದೊಡ್ಡ ಎಂಜಿನಿಯರಿಂಗ್ ಸಾಧನೆಗಳಲ್ಲಿ ಇದೂ ಒಂದು. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಒಂದು ಸಾಲನ್ನಾದರೂ ಕೊಡಬೇಕು.

ಲಾರಿಗಳ ದಾರಿ ಬೇರೆ. ಮಲೆನಾಡಿನ ಕೂಪುಗಳಿಂದ ನಾಟಾ ಇಳಿಸಲು ಎಲ್ಲ ಚಕ್ರಗಳಿಗೂ ಶಕ್ತಿ ಹರಿಯುವ ಗಾಡಿ ಬೇಕಿತ್ತು. ಸೇನೆಯ ಲಾರಿ ಅಂಥ ಕೆಸರಿಗೆಂದೇ ಹುಟ್ಟಿದ್ದು. ತೊಡಕಿದ್ದದ್ದು ಎಂಜಿನ್ನಿನಲ್ಲಿ. ಜಿಎಂಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ವಿಪರೀತ ಇಂಧನ ಕುಡಿಯುತ್ತಿತ್ತು. ಅದನ್ನು ಇಳಿಸಿ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸುವುದು ದೇಶದ ಗ್ಯಾರೇಜುಗಳು ಕಂಡುಕೊಂಡ ಉಪಾಯ. ಆ ಎಂಜಿನ್ನನ್ನು ಮದ್ರಾಸಿನ ಸಿಂಪ್ಸನ್ ಕಂಪನಿಯೇ ತಯಾರಿಸತೊಡಗಿತ್ತು. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಹೊಂದಿಕೆಯ ತಟ್ಟೆಯನ್ನು ಲೇತಿನಲ್ಲಿ ಕೊರೆಯಬೇಕು. ಎರಡರ ಶಾಫ್ಟ್ ಕೂದಲೆಳೆಯಷ್ಟು ಸರಿದರೂ ಬೇರಿಂಗ್ ಬೇಗ ಸವೆಯುತ್ತದೆ. ನಕ್ಷೆಯಿಲ್ಲದೆ, ಕಣ್ಣಳತೆ ಕೈಯಳತೆಯಲ್ಲಿ ಇದನ್ನು ಮಾಡುತ್ತಿದ್ದ ಮೇಸ್ತ್ರಿಗಳ ಪರಿಣತಿಯನ್ನು ‘ಜುಗಾಡ್’, ಅಂದರೆ ಹೇಗೋ ಹೊಂದಿಸಿದ ಕೆಲಸ, ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ಈ ಗಾಡಿಗಳ ಜೊತೆ ಬಂದ ಟ್ರೈಲರುಗಳದ್ದು ಸರಳ ಕಥೆ. ಜೀಪಿನ ಕಾಲು ಟನ್ ಟ್ರೈಲರಿಗೆ ಜೀಪಿನದೇ ಅಳತೆಯ ಚಕ್ರ, ಟಯರು. ಒಂದರದ್ದು ಇನ್ನೊಂದಕ್ಕೆ ಆಗುತ್ತದೆ. ಹಬ್ಬಿನ ಬೇರಿಂಗಿಗೆ ಗ್ರೀಸು, ಕೊಂಡಿಯ ಬಳೆಯ ಸವೆತದ ಮೇಲೆ ಕಣ್ಣು, ಇಷ್ಟಿದ್ದರೆ ಅದು ಜೀಪಿಗಿಂತ ಹೆಚ್ಚು ಬಾಳುತ್ತದೆ.

ಹರಾಜಿನ ಗಾಡಿಗಳ ಎರಡನೇ ಅಲೆ ನಮ್ಮದೇ ಸೇನೆಯದು. ಜಬಲ್ಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಶಕ್ತಿಮಾನ್ ಲಾರಿ, ನಿಸ್ಸಾನ್ ಪರವಾನಗಿಯಲ್ಲಿ 1969ರಿಂದ ಜೋಂಗಾ ಎಂಬ ಜೀಪಿನಂಥ ಗಾಡಿ ತಯಾರಾದವು. ಸೇವೆ ಮುಗಿಸಿ ಹರಾಜಾದ ಜೋಂಗಾಗಳು ಕೊಡಗಿನ ತೋಟಗಳನ್ನೂ ಸೇರಿದವು. ಅವುಗಳ ಸುಮಾರು 4 ಲೀಟರಿನ ಪೆಟ್ರೋಲ್ ಎಂಜಿನ್ನಿಗೂ ಎಷ್ಟೋ ಕಡೆ ಡೀಸೆಲ್ಲಿನ ಬದಲಿ ಬಂತು.

ಹವೆಗೆ ತಕ್ಕಂತೆ ಆರೈಕೆ ಹೇಗೆ ಬದಲಾಗುತ್ತದೆಂದು ಹೋಲಿಸಿ ನೋಡಲು ಹೊರನಾಡ ಕನ್ನಡಿಗರಿಗೆ ಕತಾರ್ ಒದಗುತ್ತದೆ. ದೋಹಾದ ಅಲ್ ಸದ್ದ್ ಬಡಾವಣೆಯಿಂದ ಪಶ್ಚಿಮಕ್ಕೆ, ದುಖಾನ್ ಹೆದ್ದಾರಿಯ ಕಡೆಗೆ ಹೋದರೆ ಅಲ್ ಸಮ್ರಿಯಾದಲ್ಲಿ 1998ರಲ್ಲಿ ತೆರೆದ ಶೇಖ್ ಫೈಸಲ್ ವಸ್ತುಸಂಗ್ರಹಾಲಯವಿದೆ. ಹಳೆಯ ವಾಹನಗಳ ದೊಡ್ಡ ಸಂಗ್ರಹ ಅಲ್ಲುಂಟು. ಆ ನಾಡಿನ ಶತ್ರು ಬಿಸಿಲು ಮತ್ತು ಉಪ್ಪು: ರಬ್ಬರಿನ ಸೀಲು, ಹೋಸು, ಟಯರು ಸೀಳುತ್ತವೆ, ಕರಾವಳಿಯ ಉಪ್ಪುಗಾಳಿ ತಗಡನ್ನು ತಿನ್ನುತ್ತದೆ. ಮಲೆನಾಡಿನಲ್ಲಿ ಮಳೆ ಮೊದಲು ಹಿಡಿಯುವುದು ಚಾಸಿಯ ಸಂದು, ಬ್ರೇಕಿನ ಪೈಪು, ಕ್ಯಾಬಿನ್ನಿನ ನೆಲ. ಹಾಗಾಗಿ ಒಂದೇ ಮಾದರಿಯ ಗಾಡಿಗೂ ಎರಡು ನಾಡುಗಳಲ್ಲಿ ಎರಡು ಬಗೆಯ ಆರೈಕೆ ಬೇಕು.

ಸಂಗ್ರಹಕಾರರು ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯನ್ನು ಬಯಸುತ್ತಾರೆ. ಆ ನಿಯಮ ಮಲೆನಾಡಿನ ಲಾರಿಗೆ ಸಲ್ಲದು. ಪರ್ಕಿನ್ಸ್ ಎಂಜಿನ್ ತೆಗೆದು ಅಮೆರಿಕದಿಂದ ತರಿಸಿದ ಜಿಎಂಸಿ ಎಂಜಿನ್ ಕೂರಿಸಿದರೆ ಯುದ್ಧದ ನಾಲ್ಕು ವರ್ಷ ಮರಳುತ್ತವೆ, ದುಡಿಮೆಯ ದಶಕಗಳು ಅಳಿಸುತ್ತವೆ. ಬೆಸುಗೆಯ ಗುರುತು, ಮೇಸ್ತ್ರಿ ಕೊರೆದ ತಟ್ಟೆ, ನಾಟಾ ಹೊರಲು ಸೇರಿಸಿದ ಕಮಾನುಪಟ್ಟಿ ಇವೆಲ್ಲ ದಾಖಲೆಗಳೇ. ಅವನ್ನು ಬಿಚ್ಚುವ ಮುನ್ನ ಚಾಸಿ ನಂಬರು, ಎಂಜಿನ್ ನಂಬರು, ಹರಾಜಿನ ಕಾಗದ, ಆರ್‌ಟಿಓ ನೋಂದಣಿಯ ನಮೂದುಗಳನ್ನು ಒಟ್ಟುಗೂಡಿಸಿ ಪ್ರತಿ ಮಾರ್ಪಾಟನ್ನೂ ಅಳತೆಸಹಿತ ಬರೆದಿಡಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಗ್ಯಾರೇಜುಗಳಲ್ಲಿ ಆ ಕೆಲಸ ಕಂಡ ಹಿರಿಯ ಮೇಸ್ತ್ರಿಗಳ ಮಾತನ್ನು ಧ್ವನಿಮುದ್ರಿಸುವುದು ಕಾಗದಪತ್ರಗಳಿಗಿಂತಲೂ ತುರ್ತು.